ಪಾಸಾಗದ ಅಲಗು

ಚಾಕು ಕಾರ್ಖಾನೆಯ ವ್ಯಾನಿನಲ್ಲಿ ಒಂದೇ ಒಂದು ಚಾಕು ಇರಲಿಲ್ಲ ಎಂದರೆ ಹೊರಗಿನವರು ನಂಬುವುದಿಲ್ಲ. ಒಳಗಿನವರಿಗೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಗೇಟಿನಲ್ಲಿ ಕೂರುವ ಕಾವಲುಗಾರ ಮನೆಗೆ ಹೊರಟವರ ಜೇಬು, ಚೀಲ, ಊಟದ ಡಬ್ಬಿ ಎಲ್ಲವನ್ನೂ ತಡಕುತ್ತಿದ್ದ. ಉಗುರು ತೆಗೆಯುವ ಕತ್ತರಿ ಸಿಕ್ಕರೂ, "ಇದು ನಮ್ಮ ಮಾಲಲ್ಲ ಅಂತ ಏನು ಗ್ಯಾರಂಟಿ?" ಎಂದು ಕಿತ್ತಿಟ್ಟುಕೊಳ್ಳುತ್ತಿದ್ದ. ಹೀಗಾಗಿ ಅಲ್ಲಿ ದುಡಿಯುವವರು ಹರಿತವಾದದ್ದನ್ನು ಮೈಮೇಲೆ ಇಟ್ಟುಕೊಳ್ಳುವ ಅಭ್ಯಾಸವನ್ನೇ ಬಿಟ್ಟಿದ್ದರು. ಊರಿನ ಅಡುಗೆಮನೆಗಳಿಗೆಲ್ಲ ಚಾಕು ಒದಗಿಸುವವರು ತಮ್ಮ ಮನೆಯಲ್ಲಿ ಮೊಂಡು ಚಾಕು ಹಿಡಿದು ಈರುಳ್ಳಿಯನ್ನು ಜಜ್ಜುತ್ತಿದ್ದರು.

ಆ ಕಾರ್ಖಾನೆಯ ತಪಾಸಣೆಯ ಮೇಜಿನಲ್ಲಿ ಕೂರುತ್ತಿದ್ದವಳಿಗೆ ರಿಜೆಕ್ಟಕ್ಕ ಎಂದು ಹೆಸರಾಗಿತ್ತು. ಎದುರಿಗೆ ಬರೀ ಅಕ್ಕ, ಬೆನ್ನ ಹಿಂದೆ ಪೂರ್ತಿ ಹೆಸರು. ಅವಳು ಚಾಕುವಿನ ಅಲಗನ್ನು ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ಹಗುರವಾಗಿ ಇಡುತ್ತಿದ್ದಳು. ಅಲಗು ಉಗುರಿಗೆ ಕಚ್ಚಿದರೆ ಪಾಸು, ಜಾರಿದರೆ ಕೆಂಪು ಡಬ್ಬಿಗೆ. ಜೀವಮಾನದಲ್ಲಿ ಒಂದು ಚಾಕುವನ್ನೂ ತಾನಾಗಿ ಮಾಡಿದವಳಲ್ಲ. ಅದೇನೂ ಅಡ್ಡಿಯಾಗಿರಲಿಲ್ಲ, ಸಾರಿಗೆ ಉಪ್ಪು ಕಡಿಮೆ ಎನ್ನುವ ಅತ್ತೆಗೆ ಅಡುಗೆ ಬರಲೇಬೇಕೆಂದು ಯಾರು ಹೇಳಿದರು?

ಅಲ್ಲೇ ಸಾಣೆ ಹಿಡಿಯುತ್ತಿದ್ದವನು ಅವಳ ಸ್ವಂತ ತಮ್ಮ. ಹಿಂದಿನ ಬೇಸಿಗೆಯಲ್ಲಿ ಅವನು ಸಾಣೆ ಹಿಡಿದು ಕಳಿಸಿದ ಒಂದು ತಳ್ಳುಗಾಡಿ ಚಾಕುಗಳನ್ನು ಅವಳು ಎಲ್ಲರೆದುರೂ ಕೆಂಪು ಡಬ್ಬಿಗೆ ಸುರಿದಳು. ಅಲಗಿನ ಅಂಚಿನಲ್ಲಿ ಕೂದಲೆಳೆಯಷ್ಟು ಲೋಹದ ಪೊರೆ ಉಳಿದಿತ್ತು. ಕಾರ್ಖಾನೆಯಲ್ಲಿ ಅದಕ್ಕೆ ಮೀಸೆ ಎನ್ನುತ್ತಾರೆ. "ಮೀಸೆ ಬೋಳಿಸಿ ಕಳಿಸು," ಎಂದಳು. ತಮ್ಮನಿಗೆ ಮುಖದ ತುಂಬ ಮೀಸೆ. ಸುತ್ತ ನಿಂತವರು ನಕ್ಕರು. ಅಕ್ಕ ನಗಿಸಲಿಕ್ಕೆಂದು ಹೇಳಿದ್ದಲ್ಲ, ಅವಳಿಗೆ ನಗಿಸಲು ಬರುತ್ತಲೂ ಇರಲಿಲ್ಲ. ಆದರೆ ಅಂದಿನಿಂದ ತಮ್ಮ ಮಾತು ಬಿಟ್ಟ.

ಇಬ್ಬರೂ ಇದ್ದದ್ದು ಒಂದೇ ಮನೆಯಲ್ಲಿ, ಒಂದು ಗೋಡೆಯ ಆಚೆ ಈಚೆ. "ನಲ್ಲೀಲಿ ನೀರು ಬಂತು ಅಂತ ಹೇಳು," ಎಂದು ಅವನು ಹೆಂಡತಿಗೆ ಹೇಳುತ್ತಿದ್ದ, ನಲ್ಲಿಯ ಮುಂದೆ ಕೊಡ ಹಿಡಿದೇ ನಿಂತಿರುವ ಅಕ್ಕನಿಗೆ ಕೇಳಿಸುವ ಹಾಗೆ. ಅಕ್ಕ ತನಗೇನೂ ಆಗಿಲ್ಲವೆಂಬಂತೆ ಓಡಾಡುತ್ತಿದ್ದಳು. ಆಗಿತ್ತು. ಅವ್ವ ಹೋದ ಮೇಲೆ ತಲೆ ಬಾಚಿ, ಬುತ್ತಿ ಕಟ್ಟಿ ಬೆಳೆಸಿದ ಹುಡುಗ ಗೋಡೆಯಾಚೆ ಕೆಮ್ಮಿದರೂ ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಕಿವಿಗೊಡುತ್ತಿದ್ದಳು. ಆದರೂ ಮೀಸೆ ಇದ್ದದ್ದು ನಿಜ ತಾನೇ? ಇದ್ದದ್ದನ್ನು ಇಲ್ಲವೆನ್ನಲು ಅವಳ ನಾಲಿಗೆ ಹೊರಳದು.

ಇಂಥ ಇಬ್ಬರನ್ನೇ ಆರಿಸಿ ಕಾರ್ಖಾನೆಯ ಯಜಮಾನರು ಒಂದೇ ವ್ಯಾನಿನಲ್ಲಿ ಕೂರಿಸಿದರು. ಕಾಡಿನ ಒಳಗೆ ಮರ ಕಡಿಯುವವರ ಶಿಬಿರವೊಂದಿತ್ತು. ಅಲ್ಲಿನ ಅಡುಗೆಯವನು, ನಿಮ್ಮ ಚಾಕುಗಳು ಮೊಂಡಾದವು ಎಂದು ದೂರಿದ್ದ. "ಸಾಣೆ ಹಿಡಿದೋನು ಒಬ್ಬ, ಪಾಸು ಮಾಡಿದೋಳು ಒಬ್ಬಳು," ಎಂದರು ಯಜಮಾನರು. "ಇಬ್ಬರೂ ಹೋಗಿ ಹೊಸ ಚಾಕು ಕೊಟ್ಟು, ಬೈಸಿಕೊಂಡು ಬನ್ನಿ."

ಹೋದರು, ಕೊಟ್ಟರು, ಬೈಸಿಕೊಂಡರು. ಅಡುಗೆಯವನು ಅವರ ಚಾಕುಗಳಿಂದ ಮೂಳೆ ಕಡಿದು, ಡಬ್ಬಿ ತೆರೆದು, ಒಲೆಯ ಬೂದಿಯನ್ನೂ ಕೆದಕಿದ್ದ. ಅದನ್ನು ಕಂಡಾಗ ಅಕ್ಕ ತಮ್ಮ ಇಬ್ಬರೂ ಒಂದೇ ಸಲ "ಅಯ್ಯೋ" ಎಂದರು, ಆಮೇಲೆ ಇಬ್ಬರೂ ಬೇರೆ ಬೇರೆ ಕಡೆ ನೋಡಿದರು. ಅಡುಗೆಯವನು ಹೊಸ ಚಾಕುಗಳನ್ನು ಇಟ್ಟುಕೊಂಡು ಹಳೆಯವನ್ನೂ ವಾಪಸು ಕೊಡಲಿಲ್ಲ. "ಮೊಂಡಾದ್ರೂ ಇರ್ಲಿ ಬಿಡಿ," ಎಂದ. ವ್ಯಾನಿಗೆ ಮರಳಿದ್ದು ಖಾಲಿ ಮರದ ಪೆಟ್ಟಿಗೆಗಳು ಮತ್ತು ಅವುಗಳಿಗೆ ಬಿಗಿದಿದ್ದ ತೆಳು ಉಕ್ಕಿನ ಪಟ್ಟಿಯ ತುಂಡುಗಳು ಮಾತ್ರ.

ವ್ಯಾನಿನ ಡ್ರೈವರ್ ತನ್ನ ಗಾಡಿಯನ್ನು ದಿನಾ ಒರೆಸುವವನು. ಅಷ್ಟು ಪ್ರೀತಿಯಿಂದ ತನ್ನ ಕಡೆಗೆ ಒಂದು ದಿನವೂ ನೋಡಿಲ್ಲವೆಂದು ಅವನ ಹೆಂಡತಿ ಬಹಿರಂಗವಾಗಿಯೇ ಹೇಳುತ್ತಿದ್ದಳು. ಮರಳುವಾಗ, ಮಧ್ಯಾಹ್ನದ ಹೊತ್ತಿಗೆ, ಕಾಡಿನ ತಿರುವೊಂದರ ಕೆಸರಿನಲ್ಲಿ ಆ ಗಾಡಿಯ ಹಿಂದಿನ ಚಕ್ರಗಳು ಜಾರಿ ರಸ್ತೆಯ ಅಂಚು ದಾಟಿದವು. ಕೆಳಗೆ ಕಮರಿ. ಮೂವರೂ ಹಾರಿ ಇಳಿದರು. ಭಾರ ಕಡಿಮೆಯಾಗಲೆಂದು ಪಕ್ಕದ ಬಾಗಿಲಿನಿಂದ ಪೆಟ್ಟಿಗೆಗಳನ್ನು ಎಳೆದು ಹೊರಗೆ ಹಾಕಿದರು. ಸರಕು ಬಿಗಿಯುವ ಅಗಲವಾದ ನೈಲಾನ್ ಬೆಲ್ಟನ್ನು ಗಾಡಿಯ ಮೂತಿಗೆ ಕಟ್ಟಿ, ಇನ್ನೊಂದು ತುದಿಯನ್ನು ರಸ್ತೆಯಾಚೆಯ ಮರಕ್ಕೆ ಸುತ್ತಿ, ಹಿಡಿ ತಿರುಗಿಸಿ ಬಿಗಿಯುವ ಕೊಂಡಿ ಹಾಕಿದರು. ಮರದ ಬುಡದಲ್ಲಿ ನಿಂತು ಬೆಲ್ಟಿಗೂ ಮರಕ್ಕೂ ನಡುವೆ ಕಾಲು ತೂರಿಸಿ ಅದನ್ನು ಕೆಳಕ್ಕೆ ಒತ್ತಿ ಸರಿಪಡಿಸುತ್ತಿದ್ದವನು ತಮ್ಮ. ಆಗ ಗಾಡಿ ಇನ್ನೊಂದು ಮೊಳ ಜಾರಿತು. ಬೆಲ್ಟು ಸೆಟೆದು ಅವನ ಬಲಗಾಲಿನ ಹಿಮ್ಮಡಿಯ ಮೇಲ್ಭಾಗವನ್ನು ಮರಕ್ಕೆ ಒತ್ತಿ ಹಿಡಿಯಿತು.

ತಮ್ಮ ಕೂಗಲಿಲ್ಲ. "ಸಿಕ್ಕೊಂಡಿದೆ," ಎಂದಷ್ಟೇ ಹೇಳಿ ಬುಡದಲ್ಲಿ ಕುಳಿತ.

ಎಳೆದರು, ಬರಲಿಲ್ಲ. ಕೊಂಡಿಯನ್ನು ಹಿಂದಕ್ಕೆ ತಿರುಗಿಸಹೋದರೆ ಅದರ ಹಿಡಿ ಕಿತ್ತು ಡ್ರೈವರನ ಕೈಗೆ ಬಂತು. ಜ್ಯಾಕು, ಸ್ಪ್ಯಾನರು ಎಲ್ಲ ಡ್ರೈವರ್ ಸೀಟಿನ ಕೆಳಗೆ. ಅಲ್ಲಿಗೆ ಹತ್ತಿದರೆ ಹತ್ತಿದವನೂ ಗಾಡಿಯ ಜೊತೆ ಕಮರಿಗೆ. ಡ್ರೈವರ್ ಫೋನು ಹಿಡಿದು ದಿಬ್ಬ ಹತ್ತಿ ಇಳಿದು ಬಂದ. "ಮೇಲೆ ಗಾಳಿ ಚೆನ್ನಾಗಿದೆ," ಎಂದ. "ಸಿಗ್ನಲ್ ಇಲ್ಲ."

ಅಕ್ಕ ತಮ್ಮನ ಬೂಟು, ಕಾಲುಚೀಲ ತೆಗೆದಳು. ಬೆರಳುಗಳು ಬಿಳಿಚಿಕೊಂಡಿದ್ದವು. ಸಾಣೆಚಕ್ರವನ್ನು ತಿರುಗಿಸಲು ಮೆಟ್ಟುವ ಕಾಲು ಅದೇ.

"ಬೆಲ್ಟು ಕತ್ತರಿಸಬೇಕು," ಎಂದಳು.

"ಕತ್ತರಿಸಿದ್ರೆ ಗಾಡಿ ಹೋಗತ್ತಕ್ಕ," ಎಂದ ಡ್ರೈವರ್.

"ಬಿಟ್ರೆ ಕಾಲು ಹೋಗತ್ತೆ."

ಡ್ರೈವರ್ ಗಾಡಿಯನ್ನು ನೋಡಿದ, ಕಾಲನ್ನು ನೋಡಿದ, ಇನ್ನೊಮ್ಮೆ ಗಾಡಿಯನ್ನು ನೋಡಿದ. "ಕತ್ತರಿಸಿ ಹಾಗಾದ್ರೆ," ಎಂದು ಗಾಡಿಗೆ ಬೆನ್ನು ಮಾಡಿ ನಿಂತುಕೊಂಡ.

ಆಗ ಮೂವರೂ ತಮ್ಮ ತಮ್ಮ ಜೇಬು ಮುಟ್ಟಿಕೊಂಡರು. ಒಂದು ಬಾಚಣಿಗೆ, ಎರಡು ಕರವಸ್ತ್ರ, ಮನೆಯ ಬೀಗದ ಕೈ. ಹೊರಗೆ ಹೇಳಿಕೊಳ್ಳುವಂಥ ವಿಷಯವಲ್ಲ.

ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ, ಚಾಕು ಕಾರ್ಖಾನೆಯವರು ಕಾಡಿನಲ್ಲಿ ಚಾಕು ಮಾಡಲು ಹೊರಟರು. ಡ್ರೈವರ್ ರಸ್ತೆಯ ಬದಿಯಲ್ಲಿ ಹುಡುಕಿ ಯಾರೋ ಎಸೆದ ತಗಡಿನ ಡಬ್ಬಿಯ ಮುಚ್ಚಳ ತಂದ. ಬೆಲ್ಟಿಗೆ ಉಜ್ಜಿದರೆ ಮುಚ್ಚಳವೇ ಮಡಚಿಕೊಂಡಿತು. ಆಮೇಲೆ ಖಾಲಿ ಬಾಟಲಿ ಸಿಕ್ಕಿತು. ಒಡೆದು ಚೂರು ಹಿಡಿದು ಅಕ್ಕ ಎಳೆದಳು. ಬೆಲ್ಟಿನ ಮೇಲೆ ನಾಲ್ಕೆಳೆ ಕಿತ್ತವು, ಗಾಜು ಅವಳ ಅಂಗೈಯಲ್ಲೇ ಮುರಿಯಿತು. ಬೆಲ್ಟಿಗಿಂತ ಕೈಗೇ ಹೆಚ್ಚು ಕೊಯ್ದಿತ್ತು. ಅವಳು ಕರವಸ್ತ್ರ ಸುತ್ತಿಕೊಂಡಳು.

"ಪೆಟ್ಟಿಗೆ ಪಟ್ಟಿ," ಎಂದ ತಮ್ಮ, ಮರವನ್ನು ನೋಡುತ್ತ. "ಅದು ಒಳ್ಳೆ ಉಕ್ಕು. ಹೇಳಿ ಅವಳಿಗೆ."

ಡ್ರೈವರ್ ಅವಳತ್ತ ತಿರುಗಿದ. "ಪೆಟ್ಟಿಗೆ ಪಟ್ಟಿ ಒಳ್ಳೆ ಉಕ್ಕಂತೆ."

"ಕೇಳಿಸ್ತು. ಯಾವ ಕಲ್ಲಿಗೆ ಉಜ್ಜಬೇಕು ಅಂತ ಕೇಳು."

"ಯಾವ ಕಲ್ಲಿಗೆ ಅಂತೆ," ಎಂದ ಡ್ರೈವರ್. ಅಷ್ಟಕ್ಕೇ ಅವನ ತಾಳ್ಮೆ ಮುಗಿಯಿತು. "ರೀ, ನಾನೇನು ಇಲ್ಲಿ ಟೆಲಿಫೋನಾ? ಕಾಲು ಹೋಗ್ತಾ ಇದೆ, ನೇರ ಮಾತಾಡ್ರಿ!"

"ಕೆಳಗೆ ಝರಿ ಹತ್ರ ನೋಡು," ಎಂದ ತಮ್ಮ, ಅವಳ ಮುಖ ನೋಡದೆ. "ಹೊಳಪು ಕಲ್ಲು ಬೇಡ. ಬೆರಳಿಂದ ಸವರಿದ್ರೆ ಸಕ್ಕರೆ ಥರ ತರಿತರಿ ಅನ್ನಬೇಕು, ಅಂಥದ್ದು ತಾ. ನೀರೂ ತಾ."

ತಿಂಗಳುಗಟ್ಟಲೆ ಕಾದ ಮಾತು ಬಂದದ್ದು ಕಲ್ಲಿನ ವಿಚಾರಕ್ಕೆ. ಅಕ್ಕನಿಗೆ ಅದೂ ಸಾಕಾಗಿತ್ತು. ಓಡಿಹೋಗಿ ಕಲ್ಲು ತಂದಳು. ಊಟದ ಡಬ್ಬಿಯಲ್ಲಿ ನೀರು ತಂದಳು. ಉಕ್ಕಿನ ಪಟ್ಟಿಯೊಂದನ್ನು ಅತ್ತಿತ್ತ ಬಾಗಿಸಿ ಬಾಗಿಸಿ ಮುರಿದಳು. ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿ ಮಾಡಿಕೊಂಡು, ತಮ್ಮನ ಪಕ್ಕದಲ್ಲೇ ಮಂಡಿಯೂರಿ ಉಜ್ಜಲು ಕುಳಿತಳು.

"ಹಾಗಲ್ಲ, ಅಷ್ಟು ಎತ್ತಬೇಡ. ಮಲಗಿಸು. ಇನ್ನೂ ಮಲಗಿಸು. ಒತ್ತಬೇಡ, ಕಲ್ಲೇ ತಿನ್ನತ್ತೆ."

"ಒತ್ತದೆ ಹೇಗೆ ತಿನ್ನತ್ತೆ?"

"ನಿಂಗೆ ಗೊತ್ತಾ, ನಂಗೆ ಗೊತ್ತಾ?"

ಅವಳು ಬಾಯಿ ಮುಚ್ಚಿಕೊಂಡು ಉಜ್ಜಿದಳು. ಭುಜ ಸೋತಿತು, ಅಂಗೈಯ ಗಾಯದಿಂದ ರಕ್ತ ಕಲ್ಲಿನ ನೀರಿಗೆ ಬೆರೆಯಿತು. ಇಷ್ಟು ವರ್ಷ ಉಗುರಿನ ಮೇಲೆ ಒಂದು ಕ್ಷಣ ಇಟ್ಟು ಡಬ್ಬಿಗೆ ಎಸೆದದ್ದರ ಹಿಂದೆ ಇಷ್ಟೊಂದು ಉಜ್ಜಾಟ ಇತ್ತೆಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಅವಳ ಭುಜಕ್ಕೆ ಗೊತ್ತಿರಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವುದನ್ನು ಅವಳು ಸದಾ ದೊಣ್ಣೆಯ ಕಡೆಯಿಂದಲೇ ಕೇಳಿಸಿಕೊಂಡಿದ್ದಳು. ಪಟ್ಟಿಯ ಅಂಚು ತೆಳುವಾಗುತ್ತ ಬಂತು. ಹೊತ್ತು ವಾಲಿತು. ಕೊನೆಗೆ ಅದೊಂದು ಅಲಗಾಯಿತು, ಸೊಟ್ಟಗೆ, ಕುರೂಪಿಯಾಗಿ. ಆದರೂ ಅಲಗು.

ಡ್ರೈವರ್ ಕೈ ಚಾಚಿದ. "ಕೊಡಿ, ಕತ್ತರಿಸೋಣ."

ಆದರೆ ಅಕ್ಕನ ಕೈ ಆಗಲೇ ತನ್ನ ಪಾಡಿಗೆ ತಾನು ಹೋಗಿ ಅಲಗನ್ನು ಎಡಗೈ ಉಗುರಿನ ಮೇಲೆ ಇಟ್ಟಿತ್ತು. ಅಲಗು ಜಾರಿತು.

"ಇದಾಗಲ್ಲ," ಎಂದಳು.

ತಮ್ಮ ಅದನ್ನು ಇಸಿದುಕೊಂಡು ಆಕಾಶಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. "ಅಂಚಲ್ಲಿ ಬೆಳಕು ಕೂತಿದೆ. ಹರಿತ ಇದ್ರೆ ಬೆಳಕು ಕೂರಲ್ಲ. ಆಗಲ್ಲ ಇದು," ಎಂದ. ಬಹಳ ದಿನಗಳ ನಂತರ ಅವರಿಬ್ಬರೂ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದಿದ್ದರು. ಅಲಗು ಎಲೆಗಳ ಮೇಲೆ ಬಿತ್ತು. ಅಕ್ಕ ಇನ್ನೊಂದು ಪಟ್ಟಿ ಮುರಿದಳು.

ಎರಡನೆಯದು ಚೆನ್ನಾಗಿ ಬಂತು. ಕೈಗೆ ಹದ ಸಿಕ್ಕಿತ್ತು. ಅದು ಉಗುರಿಗೆ ಕಚ್ಚಿತು ಕೂಡ. ಆದರೆ ಅವಳು ಬೆರಳಿನಿಂದ ಅಂಚನ್ನು ಅಡ್ಡಕ್ಕೆ ಸವರಿ ತಲೆಯಾಡಿಸಿದಳು. "ಮೀಸೆ ಇದೆ."

"ಎಲ್ಲಿ? ತಾ ಇಲ್ಲಿ." ತಮ್ಮ ಸವರಿ ನೋಡಿದ. "ಇದಕ್ಕೆ ಮೀಸೆ ಅಂತೀಯಾ? ಇದು ಬರೀ ಕಲ್ಲಿನ ಕೆಸರು."

"ಕೆಸರಾದ್ರೆ ಒರೆಸಿದ್ರೆ ಹೋಗಬೇಕಲ್ಲ."

"ನೀನು ಯಾವತ್ತೂ ಹಿಂಗೇ. ಅವತ್ತೂ ಹಿಂಗೇ ಮಾಡಿದೆ."

"ಅವತ್ತು ಇದ್ದದ್ದು ಮೀಸೆನೇ."

"ಇತ್ತು," ಎಂದ ತಮ್ಮ. "ಇರಲಿಲ್ಲ ಅಂದ್ನಾ ನಾನು? ಒಳಗೆ ಕರೆದು ಹೇಳಬಹುದಿತ್ತು ಅಂತ ತಾನೇ ನನ್ನ ಸಂಕಟ. ಅಷ್ಟು ಜನರ ಮುಂದೆ ಯಾಕೆ ಹೇಳಿದೆ?"

ಒಳಗೆ ಕರೆದು ಹೇಳಬಹುದು ಎನ್ನುವುದು ಅಕ್ಕನಿಗೆ ನಿಜಕ್ಕೂ ಹೊಳೆದಿರಲಿಲ್ಲ. ತಪಾಸಣೆಯ ಮೇಜು ಇದ್ದದ್ದು ಹಜಾರದ ನಡುವೆ, ಅವಳು ಎಲ್ಲವನ್ನೂ ಅಲ್ಲಿಂದಲೇ ಹೇಳುತ್ತಿದ್ದಳು. ಹಾಗೆಂದು ಹೇಳೋಣವೆಂದರೆ ಅದು ಅವಳಿಗೇ ಹಗುರ ಮಾತೆನಿಸಿತು. ಬದಲಿಗೆ, "ಮರದ ತೊಗಟೆಗೆ ನಾಲ್ಕು ಸಲ ಎಳೆದ್ರೆ ಮೀಸೆ ಹೋಗತ್ತಾ?" ಎಂದು ಕೇಳಿದಳು.

ತಮ್ಮನೂ ಅಷ್ಟಕ್ಕೇ ಕಾದಿದ್ದವನಂತೆ ಮುಂದಕ್ಕೆ ಬಾಗಿದ. "ತೊಗಟೆಗೆ ಬೇಡ, ಚರ್ಮ ಬೇಕು. ನನ್ನ ಸೊಂಟದ ಪಟ್ಟಿ ಬಿಚ್ಚು. ಹಿಂದು ಹಿಂದಕ್ಕೆ ಎಳಿ, ಮುಂದಕ್ಕಲ್ಲ."

ಅವಳು ಎಳೆದಳು. ಅವನು ಆಕಾಶಕ್ಕೆ ಹಿಡಿದು ನೋಡಿದ. "ನಡೂಲಿ ಚೂರು ಬೆಳಕಿದೆ." ಅವಳು ಮತ್ತೆ ಕಲ್ಲಿಗೆ ಹಾಕಿದಳು. "ಈಗ ನೋಡು." "ಪರವಾಗಿಲ್ಲ. ಆದ್ರೆ ಈ ತುದಿ ನೋಡು." "ಹೌದಲ್ವಾ? ಇನ್ನೊಂದು ಸಲ." "ಇನ್ನೊಂದೇ ಒಂದು ಸಲ." ಇಬ್ಬರ ತಲೆಗಳೂ ಆ ಅಂಗೈಯುದ್ದದ ಪಟ್ಟಿಯ ಮೇಲೆ ಹತ್ತಿರ ಹತ್ತಿರ ಬಂದಿದ್ದವು. ಅಕ್ಕನಿಗೆ ಕಾಲು ಮರೆತೇಹೋಗಿತ್ತು. ಇನ್ನೂ ಕೆಟ್ಟದ್ದೆಂದರೆ, ಅವಳಿಗೆ ಸುಖವಾಗಿತ್ತು. ತಮ್ಮನಿಗೂ ಕಾಲು ಮರೆತಿತ್ತು, ಯಾಕೆಂದರೆ ಅದರಲ್ಲಿ ಈಗ ನೋವಿರಲಿಲ್ಲ. ನೋವಿಲ್ಲದ್ದು ಒಳ್ಳೆಯದೆಂದು ಅವನು ಎಣಿಸಿದ್ದ.

ಕಾಲನ್ನು ನೋಡುತ್ತಿದ್ದವನು ಡ್ರೈವರ್ ಒಬ್ಬನೇ. ಬಿಳಿ ಇದ್ದ ಬೆರಳುಗಳು ಬದನೆಕಾಯಿ ಬಣ್ಣಕ್ಕೆ ತಿರುಗಿದ್ದವು.

"ಕತ್ತರಿಸ್ರೀ!" ಎಂದು ಅವನು ಕಿರುಚಿದ.

"ಆಯ್ತು, ಇದೊಂದು ತುದಿ," ಎಂದರು ಇಬ್ಬರೂ, ತಲೆಯೆತ್ತದೆ.

ಡ್ರೈವರ್ ಇನ್ನು ಕೇಳುವ ಗೋಜಿಗೆ ಹೋಗಲಿಲ್ಲ. ಎಲೆಗಳ ಮೇಲೆ ಬಿದ್ದಿದ್ದ ಮೊದಲನೆಯ ಅಲಗನ್ನು, ಉಗುರಿಗೆ ಜಾರಿದ್ದನ್ನು, ಬೆಳಕು ಕೂತಿದ್ದನ್ನು ಎತ್ತಿಕೊಂಡ. ಪಕ್ಕಕ್ಕೆ ಸರಿದು ನಿಂತು, ಸೆಟೆದ ಬೆಲ್ಟಿನ ಮೇಲಿಟ್ಟು ಗರಗಸದಂತೆ ಎಳೆದ. ಮೂರನೆಯ ಎಳೆತಕ್ಕೆ ಬೆಲ್ಟು ಗುಂಡು ಹೊಡೆದಂತೆ ಸದ್ದು ಮಾಡಿ ಹರಿಯಿತು. ಗಾಡಿ ಒಂದು ಕ್ಷಣ ತಡೆದು, ಹಿಂದಕ್ಕೆ ಸರಿದು, ಕಣ್ಮರೆಯಾಯಿತು. ಕೆಳಗಿನಿಂದ ಸದ್ದು ಬಹಳ ಹೊತ್ತು ಬರುತ್ತಲೇ ಇತ್ತು. ಡ್ರೈವರ್ ಅದು ಮುಗಿಯುವವರೆಗೂ ನಿಂತು ಕೇಳಿದ. ಆಮೇಲೆ ಕೈಯಲ್ಲಿದ್ದ ಅಲಗನ್ನು ನೋಡಿ, "ಇದಕ್ಕೇನಾಗಿತ್ತು?" ಎಂದು ಕೇಳಿದ.

ಸ್ವಲ್ಪ ಹೊತ್ತಿಗೆ ಕಾಲಿಗೆ ರಕ್ತ ಇಳಿಯಿತು, ಅದರ ಜೊತೆ ನೋವೂ ಇಳಿಯಿತು. ಆಗ ತಮ್ಮ ಕೂಗಿದ. ಮಧ್ಯಾಹ್ನದಿಂದ ಕೂಗದೆ ಉಳಿಸಿಟ್ಟದ್ದನ್ನೆಲ್ಲ ಕೂಗಿದ. ಅಕ್ಕ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಸಂಜೆಯ ಹೊತ್ತಿಗೆ ಮರ ಸಾಗಿಸುವ ಲಾರಿಯೊಂದು ಬಂತು. ಅದರ ಕ್ಯಾಬಿನ್ನಿನಲ್ಲಿ ಒಂದು ಮಚ್ಚು ನೇತಾಡುತ್ತಿತ್ತು. ದಾರಿಯುದ್ದಕ್ಕೂ ಮೂವರೂ ಅದನ್ನು ನೋಡದ ಹಾಗೆ ಕುಳಿತಿದ್ದರು.

ಆಸ್ಪತ್ರೆಯ ಡಾಕ್ಟರಮ್ಮ ಕಾಲನ್ನು ತಿರುಗಿಸಿ, ಒತ್ತಿ, ದೀಪ ಹಿಡಿದು ನೋಡಿದರು. "ಕಾಲು ಉಳಿಯತ್ತೆ," ಎಂದರು. "ಕಿರುಬೆರಳು, ಅದರ ಪಕ್ಕದ್ದು, ಎರಡೂ ಉಳಿಯಲ್ಲ. ಸ್ವಲ್ಪ ಬೇಗ ಬಿಡಿಸಿದ್ರೆ ಉಳೀತಿತ್ತೇನೋ. ಅಲ್ಲಾ, ಅಷ್ಟು ಹೊತ್ತು ಕತ್ತರಿಸೋಕೆ ಏನೂ ಸಿಗಲಿಲ್ವಾ?"

"ಸಿಕ್ತು ಡಾಕ್ಟ್ರೆ," ಎಂದ ಡ್ರೈವರ್. "ಇವರಿಗೆ ಒಪ್ಪಿಗೆ ಆಗಲಿಲ್ಲ."

ಡಾಕ್ಟರಮ್ಮ ಮೂವರನ್ನೂ ಒಮ್ಮೆ ನೋಡಿ, ತಲೆಗೇನಾದರೂ ಪೆಟ್ಟಾಗಿದೆಯೇ ಎಂದು ವಿಚಾರಿಸಿದರು.

ಬೆರಳು ತೆಗೆದ ಮಾರನೆಯ ದಿನ ಅಕ್ಕ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಳು. ಒಳಗೆ ಹೋಗಲು ಕಾಲೇಳುತ್ತಿರಲಿಲ್ಲ. ಅವಳ ಲೆಕ್ಕ ಸರಳವಾಗಿತ್ತು. ಮೊದಲನೆಯ ಅಲಗು ಸಾಕಿತ್ತು. ಅದನ್ನು ಆಗಲ್ಲ ಎಂದವಳು ತಾನು. ಇನ್ನು ಮುಂದೆ ಅವನು ಜೀವನಪೂರ್ತಿ ಮಾತಾಡದಿದ್ದರೂ ಅವನದು ತಪ್ಪಲ್ಲ. ತಮ್ಮನ ಹೆಂಡತಿ ಬಾಗಿಲಿನಿಂದ ಇಣುಕಿ, "ಒಳಗೆ ಕರೀತಿದ್ದಾರೆ," ಎಂದಳು. ಅಕ್ಕ ಎದ್ದು ಹೋಗಿ ಮಂಚದ ಬುಡದಲ್ಲಿ ನಿಂತಳು.

"ಹೊರಗೆ ಯಾಕೆ ಕೂತಿದ್ದೆ?"

"ನಾನೇ ಕಣೋ," ಎಂದಳು ಅಕ್ಕ. "ನಾನು ಬೇಡ ಅಂದಿದ್ದಕ್ಕೇ ಬೆರಳು ಹೋಗಿದ್ದು."

"ಆಕಾಶಕ್ಕೆ ಹಿಡಿದು ನೋಡಿದೋನು ನಾನು. ಆಗಲ್ಲ ಅಂದೋನು ನಾನು."

"ಮೊದಲು ಅಂದಿದ್ದು ನಾನು."

"ಇನ್ನೊಂದು ಸಲ, ಇನ್ನೊಂದು ಸಲ ಅಂತ ನಿನ್ನ ಕೈಲಿ ಉಜ್ಜಿಸಿದ್ದು ಯಾರು?"

"ಮೀಸೆ ಇದೆ ಅಂತ ಶುರು ಮಾಡಿದ್ದು ಯಾರು?"

ದನಿಗಳು ಏರಿದವು. ಪಕ್ಕದ ಮಂಚದವನು ಮಗ್ಗುಲಾಗಿ ಇತ್ತ ತಿರುಗಿ ಮಲಗಿದ, ಚೆನ್ನಾಗಿ ಕೇಳಿಸಲೆಂದು. ನರ್ಸು ಬಂದು, ಇದು ಆಸ್ಪತ್ರೆ, ಜಗಳ ಇದ್ದರೆ ಮನೆಗೆ ಹೋಗಿ ಮಾಡಿಕೊಳ್ಳಿ ಎಂದಳು. ತಮ್ಮ ದನಿ ತಗ್ಗಿಸಿದ, ಆದರೆ ಬಿಡಲಿಲ್ಲ.

"ಕಾಲು ನಂದು, ಬೆರಳು ನಂದು, ತಪ್ಪೂ ನಂದೇ. ಇದರಲ್ಲಿ ನಿಂಗೆ ಪಾಲಿಲ್ಲ, ಸುಮ್ನೆ ಹೋಗು."

ಅಕ್ಕ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಳು. "ಅಪ್ಪನ ಮನೇಲಿ ನಂಗೆ ಪಾಲು ಬೇಡ ಅಂದೆ. ಹೊಲದಲ್ಲೂ ಬೇಡ ಅಂದೆ. ಯಾವತ್ತಾದ್ರೂ ಬಾಯಿಬಿಟ್ಟು ಕೇಳಿದ್ನಾ? ಈಗ ಕೇಳ್ತಿದ್ದೀನಿ. ಇದರಲ್ಲಿ ಪಾಲು ಕೊಡು."

ತಮ್ಮ ಬ್ಯಾಂಡೇಜು ಸುತ್ತಿದ ಕಾಲನ್ನೇ ನೋಡುತ್ತಿದ್ದ.

"ಎರಡಿವೆ," ಎಂದ ಕೊನೆಗೆ. "ಕಿರುಬೆರಳು ನಂಗಿರಲಿ. ಪಕ್ಕದ್ದು ನಿಂಗೆ."

"ಪಕ್ಕದ್ದು ದೊಡ್ಡದಲ್ವಾ?"

"ದೊಡ್ಡೋಳು ನೀನಲ್ವಾ? ತಗೋ."

ಅಕ್ಕ ಕಣ್ಣೊರೆಸಿಕೊಂಡು, ಆಗಲಿ ಎಂದಳು.